ಮುನ್ನೂರ ನಲವತ್ತು ಕುಂಡಗಳನ್ನು ಬೋರಲು ಹಾಕಿ

ಮಾನ್ಯ ಸಸ್ಯ ಸಂರಕ್ಷಣಾಧಿಕಾರಿಗಳೇ,

ನಿಮ್ಮ ನರ್ಸರಿಯ ಮೂರನೇ ನೆರಳುಮನೆಯಲ್ಲಿ ತಗಡಿನ ಬಿಲ್ಲೆ ಕಟ್ಟಿ ಸಾಲಾಗಿ ಇಟ್ಟಿರುವ ಮುನ್ನೂರ ನಲವತ್ತು ಕುಂಡಗಳಿವೆಯಲ್ಲ, ಅವುಗಳಲ್ಲಿ ಮುನ್ನೂರ ಒಂದರಲ್ಲಿ ಇರುವುದು ನೆಲಸೀತಾಳೆ ಅಲ್ಲ. ಅದು ಕಾಂಪೌಂಡಿನ ಹಿಂದೆ ಚರಂಡಿಯ ದಂಡೆಯ ಮೇಲೆ ಯಾರ ಹಂಗೂ ಇಲ್ಲದೆ ಬೆಳೆಯುವ ನೆಲತಾಳೆ. ಅಲ್ಲಿಂದ ಕಿತ್ತು ತಂದು ನಿಮ್ಮ ಕುಂಡಗಳಲ್ಲಿ ನೆಟ್ಟವಳು ನಾನು. ಯಾರೂ ಜೊತೆಗಿರಲಿಲ್ಲ, ಯಾರೂ ಕಾವಲು ನಿಂತಿರಲಿಲ್ಲ. ಮೂರು ದಿನ, ಊಟದ ಬಿಡುವಿನಲ್ಲಿ, ಹಾಡಹಗಲೇ ನೆಟ್ಟೆ. ಆಮೇಲೆ ಒಂದು ವರ್ಷ ಎರಡು ತಿಂಗಳು ಈ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವೇ ಕುಂಡಗಳಿಗೆ ನೀರು ಹಾಕಿದೆ. ಇನ್ನು ನನ್ನಿಂದ ಆಗುವುದಿಲ್ಲ.

ಆಗದಿರುವುದಕ್ಕೆ ಕಾರಣ ಕಳೆದ ವಾರ ನಿಮ್ಮ ಕಚೇರಿಯ ಫಲಕಕ್ಕೆ ಅಂಟಿಸಿದ ಪ್ರಕಟಣೆ. ಪಂಪ್‌ಹೌಸಿನ ಹಿಂದೆ ಉಳಿದಿರುವ ಅರ್ಧ ಕಾಡನ್ನೂ ತೆರವು ಮಾಡಲಾಗುವುದು, ಅಲ್ಲಿರುವ ಸುಮಾರು ಸಾವಿರದ ನೂರು ನೆಲಸೀತಾಳೆ ಗಿಡಗಳನ್ನು 'ಶೇಕಡಾ ತೊಂಬತ್ತನಾಲ್ಕರಷ್ಟು ಯಶಸ್ಸು ಕಂಡ ಮಾದರಿಯನ್ನು ಅನುಸರಿಸಿ' ಇದೇ ಹದಿನೆಂಟನೇ ತಾರೀಕಿನಿಂದ ಕುಂಡಗಳಿಗೆ ಸ್ಥಳಾಂತರಿಸಲಾಗುವುದು ಎಂದು ಅದರಲ್ಲಿದೆ. ಕೆಳಗೆ ನಿಮ್ಮ ಸಹಿ. ಮಾನ್ಯರೇ, ಸಹಿ ನಿಮ್ಮದೇ ಇರಬಹುದು, ಆದರೆ ಆ ತೊಂಬತ್ತನಾಲ್ಕು ನನ್ನದು. ನನ್ನ ಉಗುರಿನ ಸಂದಿಯ ಮಣ್ಣಿನಿಂದ ಹುಟ್ಟಿದ ಅಂಕಿ ಅದು. ಅದನ್ನು ನಂಬಿಕೊಂಡು ನೀವು ಗುದ್ದಲಿ ಎತ್ತುತ್ತಿದ್ದೀರಿ ಎಂದ ಮೇಲೆ ಆ ಅಂಕಿಯನ್ನು ವಾಪಸು ಪಡೆಯುವ ಹಕ್ಕೂ ನನಗಿದೆ ಎಂದುಕೊಂಡಿದ್ದೇನೆ.

ಈ ಪತ್ರವನ್ನು ಪತ್ರಿಕೆಯಲ್ಲಿ ಓದುತ್ತಿರುವ ಇತರರಿಗೆ ಆ ಗಿಡದ ಪರಿಚಯ ಇರಲಾರದು. ಇದು ಆರ್ಕಿಡ್ ಜಾತಿಯದು. ಆದರೆ ಆರ್ಕಿಡ್ ಎಂದೊಡನೆ ನೆನಪಾಗುವ, ಹೋಟೆಲಿನ ಮೇಜಿನ ಮೇಲೆ ವಾರಗಟ್ಟಲೆ ಬಾಡದೆ ನಿಲ್ಲುವ ಬಗೆಯದಲ್ಲ. ಮರ ಹತ್ತುವುದಿಲ್ಲ, ನೆಲದಲ್ಲೇ ಮರಗಳ ನೆರಳಿನಲ್ಲಿ ತರಗೆಲೆಯ ನಡುವೆ ಇರುತ್ತದೆ. ಮೊದಲ ಮಳೆ ಬಿದ್ದ ಮೇಲೆ ಬೀಸಣಿಗೆಯಂತೆ ನೆರಿಗೆ ನೆರಿಗೆಯಾದ ಎಲೆ, ಪಕ್ಕದಲ್ಲೊಂದು ದಂಟು. ದಂಟಿನ ತುದಿ ಕೊಡೆಯ ಹಿಡಿಯ ಹಾಗೆ ಬಾಗಿಕೊಂಡು, ಆ ಬಾಗಿನಲ್ಲಿ ತಿಳಿ ಗುಲಾಬಿಯ ಹೂಗಳು ಗುಂಪಾಗಿ ನೆಲ ನೋಡುತ್ತವೆ. ನರ್ಸರಿಯಲ್ಲಿ ನಾವು ಅದನ್ನು ಕೊಕ್ಕೆ ಹೂವು ಎನ್ನುತ್ತೇವೆ. ಕಾಯಿ ಕಟ್ಟಿದ ಮೇಲೆ ಅದೇ ಕೊಕ್ಕೆ ನಿಧಾನಕ್ಕೆ ನೆಟ್ಟಗಾಗಿ ಕೋಲಿನಂತೆ ನಿಲ್ಲುತ್ತದೆ, ಬೀಜ ಗಾಳಿಗೆ ಹಾರಲೆಂದು. ಮಳೆ ಹೋಗಿ ನೆಲ ಒಣಗಿದರೆ ಎಲೆ, ದಂಟು ಎಲ್ಲವೂ ಒಣಗಿ ಉದುರಿ, ಅಲ್ಲಿ ಗಿಡ ಇತ್ತು ಎಂಬುದಕ್ಕೆ ಒಂದು ಗುರುತೂ ಇರುವುದಿಲ್ಲ. ಆದರೆ ನೆಲದೊಳಗೆ ಗೆಡ್ಡೆ ಬದುಕಿರುತ್ತದೆ. ಮುಂದಿನ ಮಳೆಯವರೆಗೆ ಅದು ಏನನ್ನೂ ಕೇಳುವುದಿಲ್ಲ. ನೀರನ್ನೂ.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಇಡೀ ಜಗಳ ಇರುವುದು ಅಲ್ಲೇ.

ನನ್ನ ವಿಷಯ ಇಷ್ಟು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು. ನಮ್ಮ ಶಾಲೆಯಲ್ಲೊಂದು ಸೂಕ್ಷ್ಮದರ್ಶಕ ಇತ್ತು. ತಪಾಸಣೆಗೆ ಮೇಲಿನವರು ಬಂದ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೇ ಇಣುಕಿ ನೋಡಿ 'ಈರುಳ್ಳಿ ಸಿಪ್ಪೆಯ ಕೋಶಗಳು ಕಾಣಿಸುತ್ತಿವೆ ಸಾರ್' ಎನ್ನಬೇಕೆಂದು ಮೊದಲೇ ಹೇಳಿಕೊಟ್ಟಿದ್ದರು. ನನಗಿಂತ ಮುಂದಿದ್ದ ಹನ್ನೊಂದು ಮಂದಿಗೆ ಕಾಣಿಸಿತು. ನಾನು ನೋಡಿ, "ಏನೂ ಕಾಣಿಸ್ತಿಲ್ಲ ಸಾರ್, ಇದಕ್ಕೆ ಗಾಜೇ ಇಲ್ಲ" ಎಂದೆ. ಆಮೇಲೆ ಆ ಶಾಲೆಯಲ್ಲಿ ನನಗೆ ಒಳ್ಳೆಯ ದಿನಗಳಿರಲಿಲ್ಲ. ಹಾಗೆಂದು ಓದು ಬಿಟ್ಟದ್ದಕ್ಕೆ ಅದೊಂದೇ ಕಾರಣ ಎಂದರೆ ಅದೂ ಸುಳ್ಳಾದೀತು. ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಬೆಂಚು ಚುಚ್ಚುತ್ತಿತ್ತು. ಬಿಟ್ಟ ಮರುವಾರವೇ ಅಮ್ಮನ ಹಿಂದೆ ನಿಮ್ಮ ನರ್ಸರಿಗೆ ದಿನಗೂಲಿಗೆ ಬಂದೆ. ಅಮ್ಮ ಅಲ್ಲಿ ಆಗಲೇ ಹತ್ತೊಂಬತ್ತು ವರ್ಷದ ದಿನಗೂಲಿ. ಮೂರನೇ ನೆರಳುಮನೆ ಅವಳದೇ ಉಸ್ತುವಾರಿ. ಮೈ ಸಣ್ಣಗಿದ್ದುದಕ್ಕೋ ಮಾತು ಕಡ್ಡಿ ಮುರಿದ ಹಾಗಿದ್ದುದಕ್ಕೋ, ಮೇಸ್ತ್ರಿ ನನಗೆ ಕಡ್ಡಿ ಎಂದೇ ಹೆಸರಿಟ್ಟರು. ಹಾಜರಿ ಪುಸ್ತಕದಲ್ಲೂ ಕಡ್ಡಿ ಎಂದೇ ಬರೆಯುತ್ತಾರೆ. ಮೂರು ವರ್ಷದಿಂದ ಯಾವ ಲೆಕ್ಕ ತಪಾಸಣೆಯವರೂ ಆಕ್ಷೇಪಿಸಿಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲದ ಕೊನೆಗೆ, ಕಾಡಿನ ಮುಂಭಾಗವನ್ನು ಕಡಿದು ಅಲ್ಲಿ ನಿಮ್ಮ ಇಲಾಖೆಯ 'ಪ್ರಕೃತಿ ಮಾಹಿತಿ ಕೇಂದ್ರ'ದ ಕಟ್ಟಡ ಎಬ್ಬಿಸಿದಿರಿ. ಪ್ರಕೃತಿಯ ಮಾಹಿತಿ ಕೊಡಲು ಮೊದಲು ಪ್ರಕೃತಿಯನ್ನು ತೆಗೆದು ಜಾಗ ಮಾಡಬೇಕಾಗುತ್ತದೆ ಎಂಬುದು ನಮ್ಮಂಥ ಓದದವರಿಗೆ ತಕ್ಷಣ ಅರ್ಥವಾಗಲಿಲ್ಲ. ಈಗ ಉಳಿದರ್ಧವನ್ನು ಕಡಿಯಲು ಹೊರಟಿರುವುದು ಆ ಕೇಂದ್ರ ನೋಡಲು ಬರುವವರ ಕಾರು ನಿಲ್ಲಿಸಲಿಕ್ಕೆ. ಗೋಡೆಯ ಮೇಲಿನ ಕಾಡಿನ ಚಿತ್ರ ನೋಡಲು ಬರುವವರು ಕಾಡಿನ ಮೇಲೆ ಕಾರು ನಿಲ್ಲಿಸುತ್ತಾರೆ. ಇದನ್ನು ನಾನು ವ್ಯಂಗ್ಯಕ್ಕೆಂದು ಕಟ್ಟಿ ಹೇಳುತ್ತಿಲ್ಲ. ನಕ್ಷೆ ನಿಮ್ಮ ಫಲಕದ ಮೇಲೇ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು.

ಆಗ ಮುನ್ನೂರ ನಲವತ್ತು ಗಿಡಗಳನ್ನು ನಾವು ಅಗೆದೆವು. ಒಂದು ಗಿಡಕ್ಕೊಂದು ಕುಂಡ, ಒಂದು ಕುಂಡಕ್ಕೊಂದು ಸಂಖ್ಯೆಯ ಬಿಲ್ಲೆ. ಎರಡು ತಿಂಗಳು ಕಳೆಯಿತು. ಚಳಿ ಬಿತ್ತು. ಎಲೆಗಳು ಅಂಚಿನಿಂದ ಹಳದಿಯಾಗಿ, ಒಣಗಿ, ಒಂದೊಂದಾಗಿ ಮಲಗಿದವು. ಪ್ರತಿ ವರ್ಷ ಕಾಡಿನಲ್ಲಿ ಆಗುವುದೇ ಇಲ್ಲೂ ಆಯಿತು. ಆದರೆ ಕಾಡಿನಲ್ಲಿ ಆಗುವಾಗ ಯಾರೂ ಫೋಟೋ ತೆಗೆದಿರಲಿಲ್ಲ. ಈಗ ತಿಂಗಳಿಗೊಮ್ಮೆ ತೆಗೆದು ಕಳಿಸಬೇಕೆಂದು ನಿಮ್ಮದೇ ನಿಯಮ. ಖಾಲಿ ಕುಂಡಗಳ ಫೋಟೋ ನಿಮ್ಮ ಮೇಜು ತಲುಪಿದ ನಾಲ್ಕನೇ ದಿನಕ್ಕೆ ಸುತ್ತೋಲೆ ಬಂತು. 'ಸಸ್ಯಗಳು ಒಣಗುತ್ತಿರುವುದು ಗಮನಕ್ಕೆ ಬಂದಿದ್ದು, ತಕ್ಷಣದಿಂದ ದಿನಕ್ಕೆ ಎರಡು ಬಾರಿ ನೀರುಣಿಸತಕ್ಕದ್ದು. ತಪ್ಪಿದಲ್ಲಿ ನೆರಳುಮನೆಯ ಉಸ್ತುವಾರಿಯನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದು.'

ಮೇಸ್ತ್ರಿ ಅದನ್ನು ಓದಿ ಹೇಳಿದಾಗ ಅಮ್ಮ ಕೈಯಲ್ಲಿದ್ದ ಗೊಬ್ಬರದ ಬುಟ್ಟಿ ಕೆಳಗಿಟ್ಟಳು. "ಅಣ್ಣಾ, ಅವು ಸತ್ತಿಲ್ಲ, ಮಲಗಿವೆ. ಮಲಗಿರೋರನ್ನ ಎಬ್ಬಿಸಿ ಬಾಯಿಗೆ ನೀರು ಹುಯ್ತಾರಾ ಯಾರಾದ್ರೂ? ಕೊಳೆತು ಹೋಗ್ತವೆ."

"ನೀನು ಹೇಳೋದು ನಿಜಾನೇ ಇರ್ಬಹುದು ಕಣಕ್ಕಾ," ಎಂದರು ಮೇಸ್ತ್ರಿ. "ಆದ್ರೆ ನಿನ್ನ ಮಾತಿಗೆ ನಂಬರ್ ಇಲ್ವಲ್ಲ. ಇದಕ್ಕೆ ನಂಬರ್ ಇದೆ, ಸೀಲ್ ಇದೆ, ತಾರೀಕಿದೆ."

"ಹಂಗಾದ್ರೆ ಆ ಕಾಗದಾನೇ ನೆಡಿ ಕುಂಡದಲ್ಲಿ. ಚಿಗುರುತ್ತೆ," ಎಂದೆ ನಾನು.

"ನೀನು ಬಾಯ್ಮುಚ್ಚು ಕಡ್ಡಿ. ನನಗಿನ್ನೂ ಎರಡು ವರ್ಷ ಸರ್ವೀಸಿದೆ."

ದಿನಕ್ಕೆ ಎರಡು ಸಲ ನೀರು ಹಾಕಿದೆವು. ಚಳಿಗಾಲ ಪೂರ್ತಿ, ಬೇಸಗೆ ಪೂರ್ತಿ. ಪೈಪು ಹಿಡಿದವಳು ನಾನೇ. ಬೇಸಗೆಯ ನಡುವೆ ಒಂದು ಕುಂಡದ ಮಣ್ಣು ಕೆದಕಿ ನೋಡಿದೆ. ಗೆಡ್ಡೆಗಳ ಸಾಲು ಕೈಗೆ ಗಟ್ಟಿಯಾಗಿ ಸಿಗಬೇಕಿತ್ತು. ಬೆರಳು ಇಟ್ಟರೆ ಒಳಗಿಳಿಯಿತು. ವಾರಗಟ್ಟಲೆ ಚೀಲದಲ್ಲೇ ಮರೆತ ಆಲೂಗಡ್ಡೆಯ ವಾಸನೆ. ಮಣ್ಣು ಮುಚ್ಚಿ, ಕೈ ತೊಳೆದು, ಮತ್ತೆ ಪೈಪು ಹಿಡಿದೆ. ಆ ಹೊತ್ತಿಗೇ ನಾನು ಕೂಗಾಡಬೇಕಿತ್ತು. ಸೂಕ್ಷ್ಮದರ್ಶಕಕ್ಕೆ ಗಾಜಿಲ್ಲ ಎಂದ ಬಾಯಿ ಅಂದು ಎಲ್ಲಿ ಹೋಗಿತ್ತು ಎಂದು ಕೇಳಿದರೆ ನನ್ನ ಬಳಿ ಮರ್ಯಾದೆಯ ಉತ್ತರವಿಲ್ಲ. ಅಮ್ಮನನ್ನು ಕಾಯಂ ಮಾಡುವ ಕಡತ ಆ ವರ್ಷವೇ ಮೇಲೆ ಹೋಗಿತ್ತು. ಅಷ್ಟೆ.

ಮಳೆ ಬಂತು. ಹದಿನೈದು ದಿನ ಕಾದೆವು, ಇಪ್ಪತ್ತು ದಿನ ಕಾದೆವು. ಮುನ್ನೂರ ನಲವತ್ತರಲ್ಲಿ ಎಲೆ ಎತ್ತಿದ್ದು ಹತ್ತೊಂಬತ್ತು. ಮುಂದಿನ ವಾರವೇ ನೀವು ಖುದ್ದು ಪರಿಶೀಲನೆಗೆ ಬರುತ್ತೀರಿ ಎಂಬ ಸುದ್ದಿ ಬಂತು. ಮೇಸ್ತ್ರಿ ಖಾಲಿ ಸಾಲುಗಳ ನಡುವೆ ಓಡಾಡುತ್ತ, "ಹಸಿರು ಕಾಣ್ಬೇಕು ಕಣಮ್ಮ, ಹಸಿರು ಕಂಡ್ರೆ ಸಾಕು. ಅವರೇನು ಬೇರು ಕಿತ್ತು ನೋಡ್ತಾರಾ?" ಎಂದು ಗೊಣಗಿಕೊಂಡರು. ಅದು ಅಪ್ಪಣೆಯಾಗಿರಲಿಲ್ಲ, ಹೆದರಿದ ಮನುಷ್ಯನ ಗೊಣಗಾಟವಾಗಿತ್ತು. ಆದ್ದರಿಂದ ಈ ಪತ್ರ ಓದಿ ನೀವು ಮೊದಲು ಅವರ ಮೇಲೆ ಬೀಳಬೇಡಿ. ಗೊಣಗಾಟವನ್ನು ಕೆಲಸವಾಗಿ ಮಾಡಿದವಳು ನಾನು. ನೆಲತಾಳೆಯ ಎಲೆಗೂ ಅದೇ ನೆರಿಗೆ, ಅದೇ ಹಸಿರು. ಅಗಲ ಕೊಂಚ ಕಡಿಮೆ. ಪಕ್ಕಪಕ್ಕ ಹಿಡಿದರೆ ಮಾತ್ರ ಗೊತ್ತಾಗುತ್ತದೆ. ಖಾಲಿ ಇದ್ದ ಮುನ್ನೂರ ಇಪ್ಪತ್ತೊಂದು ಕುಂಡಗಳಲ್ಲಿ ಮುನ್ನೂರ ಒಂದನ್ನು ತುಂಬಿಸಿದೆ. ಇಪ್ಪತ್ತನ್ನು ಬೇಕೆಂದೇ ಖಾಲಿ ಬಿಟ್ಟೆ. ನೂರಕ್ಕೆ ನೂರು ಬದುಕಿದವು ಎಂದರೆ ನೀವೂ ನಂಬುವುದಿಲ್ಲ ಎಂದು. ಸುಳ್ಳಿಗೂ ಒಂದು ಹದ ಬೇಕು ಎಂಬುದನ್ನು ಯಾವ ಶಾಲೆಯಲ್ಲೂ ಕಲಿಯದೆ ನಾನು ಆ ಮೂರು ಮಧ್ಯಾಹ್ನಗಳಲ್ಲಿ ಕಲಿತೆ.

ನೀವು ಬಂದಿರಿ. ನಿಮ್ಮ ಪರಿಶೀಲನೆಯ ಕ್ರಮ ನಿಮಗೆ ನೆನಪಿರಬಹುದು. ಒಬ್ಬರು ಮುಂದೆ ನಡೆಯುತ್ತ "ಹಸಿರು, ಹಸಿರು, ಹಸಿರು, ಖಾಲಿ, ಹಸಿರು" ಎಂದು ಹೇಳುವುದು, ಇನ್ನೊಬ್ಬರು ಹಿಂದೆ ಬರುತ್ತ ಪುಸ್ತಕದಲ್ಲಿ ಗೀಟು ಹಾಕುವುದು. ಮುನ್ನೂರ ನಲವತ್ತು ಜೀವಗಳ ಪರೀಕ್ಷೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಒಂದು ಕುಂಡದ ಮುಂದೆ ನೀವು ನಿಂತು, ಬಗ್ಗಿ, ಎಲೆ ಸವರಿ, "ಎಷ್ಟು ಲಕ್ಷಣವಾಗಿದೆ ನೋಡಿ, ಕಾಡಿನಲ್ಲಿದ್ದಾಗ ಹೀಗಿತ್ತಾ?" ಎಂದಿರಿ. ಇರಲಿಲ್ಲ ಮಾನ್ಯರೇ. ಕಾಡಿನಲ್ಲಿ ಅದು ಬೇರೆ ಗಿಡವಾಗಿತ್ತು. ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಕುಂಡ ನೋಡಿ ಹುಬ್ಬು ಗಂಟಿಕ್ಕಿದಿರಿ. ಅದರ ಎಲೆ ಚಿಕ್ಕದಾಗಿತ್ತು, ಬಣ್ಣ ಕಳೆಗುಂದಿತ್ತು. "ಇದೊಂದು ಯಾಕೋ ಸೊರಗಿದೆ. ರೋಗ ಇರಬಹುದು. ಬೇರೆಯದಕ್ಕೆ ಹರಡುವ ಮುಂಚೆ ಕಿತ್ತುಬಿಡಿ" ಎಂದಿರಿ. ಅದು ಕೊಳೆಯದೆ ಉಳಿದು, ಅರೆಜೀವದಲ್ಲಿ ಎಲೆ ಎತ್ತಿದ್ದ ಹತ್ತೊಂಬತ್ತರಲ್ಲಿ ಒಂದು. ಇಡೀ ನೆರಳುಮನೆಯಲ್ಲಿ ನಿಮ್ಮ ಕಣ್ಣಿಗೆ ಬಿದ್ದ ಒಂದೇ ಒಂದು ನಿಜವಾದ ನೆಲಸೀತಾಳೆಯನ್ನು ನೀವು ಕೀಳಿಸಿದಿರಿ. ಕಿತ್ತವಳೂ ನಾನೇ.

ಲೆಕ್ಕ ಹಾಕಿದರು. ಕಿತ್ತದ್ದನ್ನೂ ಸೇರಿಸಿಯೇ ಮುನ್ನೂರ ಇಪ್ಪತ್ತು ಹಸಿರು. ಶೇಕಡಾ ತೊಂಬತ್ತನಾಲ್ಕು. ಪ್ರಮಾಣಪತ್ರ ಬಂತು, ಅದು ನಿಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿದೆ. ನಾಲ್ಕು ತಿಂಗಳಲ್ಲಿ ಅಮ್ಮನ ಕಾಯಮಾತಿಯ ಆದೇಶವೂ ಬಂತು. ಅದರ ಜೊತೆ ಸಿಬ್ಬಂದಿ ವಸತಿಯಲ್ಲೊಂದು ಕೋಣೆ. ಕೋಣೆಯೊಳಗೇ ನಲ್ಲಿ. ಹಗಲೆಲ್ಲ ಗಿಡಗಳಿಗೆ ನೀರು ಹಾಕಿ, ಸಂಜೆ ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ಸರದಿ ನಿಲ್ಲುತ್ತಿದ್ದವಳು ಮೊದಲ ದಿನ ಆ ನಲ್ಲಿಯನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡಿದಳು. ಶಾಲೆಯಲ್ಲಿ ಒಂದು ನಿಜ ಹೇಳಿ ನಾನು ಕಳೆದುಕೊಂಡದ್ದಕ್ಕಿಂತ ಹೆಚ್ಚಿನದು ಈ ಒಂದು ಸುಳ್ಳಿನಿಂದ ನಮ್ಮ ಮನೆಗೆ ಬಂದಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಇದನ್ನು ಕ್ಷಮೆಗಾಗಿ ಬರೆಯುತ್ತಿಲ್ಲ. ನಿಮ್ಮ ವರದಿಯಲ್ಲಿ 'ಯಶಸ್ಸಿಗೆ ಕಾರಣಗಳು' ಎಂಬ ಒಂದು ಭಾಗ ಇದೆ. ಅದರಲ್ಲಿ ಇದನ್ನು ಸೇರಿಸಿಕೊಳ್ಳಬಹುದು.

ಸುಳ್ಳು ಮಾತ್ರ ಸುಮ್ಮನಿರಲಿಲ್ಲ, ಹೂ ಬಿಟ್ಟಿತು. ಈ ಮಳೆಗಾಲದ ಆರಂಭದಲ್ಲಿ ಶಾಲಾ ಮಕ್ಕಳ ತಂಡವೊಂದು ನೆರಳುಮನೆ ನೋಡಲು ಬಂದಿತ್ತು. ಬಾಗಿಲಲ್ಲಿ ನಿಮ್ಮ ಫಲಕ, ಅದರಲ್ಲಿ ಬಾಗಿದ ದಂಟಿನ ಗುಲಾಬಿ ಹೂವಿನ ದೊಡ್ಡ ಫೋಟೋ. ಒಳಗೆ ಕುಂಡಗಳಲ್ಲಿ ಮಣ್ಣಿಗೆ ಅಂಟಿಕೊಂಡ ಹಾಗೆ ಪುಟ್ಟ ಹಳದಿ ನಕ್ಷತ್ರಗಳು. ನೆಲತಾಳೆಗೆ ಅರಳುವುದು ಬಿಟ್ಟು ಬೇರೆ ಗೊತ್ತಿಲ್ಲ. ಕನ್ನಡಕದ ಒಬ್ಬ ಹುಡುಗಿ ಹೊರಗೆ ಹೋಗಿ ಫಲಕ ನೋಡಿ ಬಂದಳು, ಕುಂಡ ನೋಡಿದಳು, ಮತ್ತೆ ಹೋಗಿ ಬಂದಳು.

"ಅಕ್ಕಾ, ಬೋರ್ಡಲ್ಲಿ ಪಿಂಕ್ ಇದೆ. ಇಲ್ಲಿ ಯಾಕೆ ಹಳದಿ?"

ನಾನು ಬಾಯಿ ತೆರೆಯುವ ಮುಂಚೆ ಮೇಸ್ತ್ರಿ ನುಗ್ಗಿದರು. "ಅದು ಬೋರ್ಡು ಪುಟ್ಟಾ, ಬಿಸಿಲಿಗೆ ಬಣ್ಣ ಮಾಸಿದೆ."

"ಹಳದಿ ಮಾಸಿದ್ರೆ ಪಿಂಕ್ ಆಗುತ್ತಾ ಅಂಕಲ್?"

"ಆಗುತ್ತೆ. ಸರ್ಕಾರಿ ಬಣ್ಣ ಅಲ್ವಾ."

ಮಕ್ಕಳೆಲ್ಲ ನಕ್ಕರು. ಅವಳು ನಗಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಪೈಪಿನ ಗಂಟು ಬಿಡಿಸುವವಳಂತೆ ಕುಳಿತುಬಿಟ್ಟೆ. ಸೂಕ್ಷ್ಮದರ್ಶಕದ ಸಾಲಿನಲ್ಲಿ ನನಗಿಂತ ಮುಂದಿದ್ದ ಹನ್ನೊಂದು ಮಂದಿಯಲ್ಲಿ ನಾನೂ ಒಬ್ಬಳಾದೆ ಎಂದು ಅನ್ನಿಸಿದ್ದು ಆಗ. ಮೇಸ್ತ್ರಿಯ ಮಾತನ್ನಾದರೂ ತಮಾಷೆ ಎಂದು ಬಿಡಬಹುದು. ಆದರೆ ಅದೇ ತಿಂಗಳ ನಿಮ್ಮ ವರದಿಯಲ್ಲಿ 'ಹೊಸ ಪರಿಸರಕ್ಕೆ ಹೊಂದಿಕೊಂಡ ಪರಿಣಾಮವಾಗಿ ಹೂವಿನ ಬಣ್ಣದಲ್ಲಿ ಕಿಂಚಿತ್ ವ್ಯತ್ಯಾಸ ಕಂಡುಬಂದಿದೆ' ಎಂದು ಬರೆದಿದೆಯಲ್ಲ, ಅದನ್ನು ಬರೆದವರು ಯಾರು? ಅವರಿಗೆ ನಾನು ಕೈ ಮುಗಿಯುತ್ತೇನೆ. ಸುಳ್ಳು ಹೇಳುವುದರಲ್ಲಿ ನಾನು ಅವರ ಮುಂದೆ ಇನ್ನೂ ಅಂಗನವಾಡಿ.

ಈಗ ವಾದಕ್ಕೆ ಬರುತ್ತೇನೆ. 'ಹಿಂದೆ ತಪ್ಪಾಯಿತು, ಈ ಸಲ ಕಡಿಮೆ ನೀರು ಹಾಕೋಣ, ಗಿಡ ಬದುಕುತ್ತದೆ' ಎಂದು ನೀವು ಹೇಳಬಹುದು. ಬದುಕುವುದಿಲ್ಲ. ಇದನ್ನು ನಾನು ಹೇಳಿದರೆ ನನ್ನ ಮಾತಿಗೂ ನಂಬರ್ ಇಲ್ಲ, ಆದ್ದರಿಂದ ನಿಮ್ಮದೇ ಇಲಾಖೆ ಅಚ್ಚು ಹಾಕಿಸಿದ ಕಿರುಹೊತ್ತಿಗೆಯನ್ನು ಮುಂದಿಡುತ್ತೇನೆ. ಅದರ ಐನೂರು ಪ್ರತಿಗಳು ನಮ್ಮ ಉಗ್ರಾಣದಲ್ಲಿವೆ. ಕುಂಡದ ಕಪಾಟು ಅಲುಗದಂತೆ ಕಾಲಿನ ಕೆಳಗೆ ನಾಲ್ಕು ಪ್ರತಿ ಇಟ್ಟಿದ್ದೇವೆ, ಬಹಳ ಗಟ್ಟಿ ಕಾಗದ. ಹನ್ನೊಂದನೇ ಪುಟದಲ್ಲಿ ಹೀಗಿದೆ. ಈ ಗಿಡದ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಬುತ್ತಿ ಇರುವುದಿಲ್ಲ. ಕಾಡಿನ ಮಣ್ಣಿನಲ್ಲಿ ಹರಡಿರುವ ಒಂದು ಬಗೆಯ ಬೂಷ್ಟಿನ ಎಳೆ ಬಂದು ಉಣಿಸಿದರೆ ಮಾತ್ರ ಮೊಳೆಯುತ್ತದೆ. ಬೆಳೆದ ಗಿಡದ ಬೇರಿಗೂ ಆ ಎಳೆಯ ನಂಟು ಇರುತ್ತದೆ. ಆ ಬೂಷ್ಟು ಬದುಕುವುದು ಮರಗಳ ಬೇರು, ಕೊಳೆಯುವ ಎಲೆ, ನೆರಳು ಇವುಗಳನ್ನು ಆಶ್ರಯಿಸಿ. ಅಂದರೆ ನೀವು ಕುಂಡಕ್ಕೆ ಸಾಗಿಸಬೇಕಾದದ್ದು ಗಿಡವನ್ನಲ್ಲ, ಕಾಡನ್ನು. ಅಷ್ಟು ದೊಡ್ಡ ಕುಂಡ ನಿಮ್ಮ ಉಗ್ರಾಣದಲ್ಲಿದೆಯೇ? ಗಿಡವನ್ನು ಗಿಡ ಎಂದುಕೊಂಡದ್ದೇ ಮೊದಲ ತಪ್ಪು. ಅದು ಒಂದು ಸಂಸಾರದ ಒಬ್ಬ ಸದಸ್ಯ. ಮನೆಯನ್ನು ಕೆಡವಿ, ಮಂದಿಯನ್ನೆಲ್ಲ ಓಡಿಸಿ, ಒಬ್ಬಳನ್ನು ಮಾತ್ರ ಎತ್ತಿ ತಂದು ಹಸಿರು ಪ್ಲಾಸ್ಟಿಕ್ ಕುಂಡದಲ್ಲಿ ನಿಲ್ಲಿಸಿ 'ಸಂರಕ್ಷಿಸಿದ್ದೇವೆ' ಎನ್ನುವುದಾದರೆ ಆ ಮಾತಿನ ಅರ್ಥವನ್ನು ನಿಘಂಟು ಮಾಡುವವರು ತಿದ್ದಿಕೊಳ್ಳಬೇಕಾಗುತ್ತದೆ.

ಇನ್ನೂ ಒಂದು ಮಾತು. ಹದಿನೆಂಟನೇ ತಾರೀಕು ಎಂದಿದ್ದೀರಿ. ಆ ದಿನ ಹೇಗೆ ಗೊತ್ತು ಮಾಡಿದಿರಿ? ಮೊನ್ನೆ ಕಾಡಿಗೆ ಹೋಗಿ ನೋಡಿ ಬಂದೆ. ಕೊಕ್ಕೆಗಳು ಈಗಷ್ಟೇ ನೆಟ್ಟಗಾಗುತ್ತಿವೆ, ಕಾಯಿ ಇನ್ನೂ ಹಸಿರು. ಒಡೆದು ಬೀಜ ಹಾರಲು ತಿಂಗಳಾದರೂ ಬೇಕು. ಬಸುರಿಯನ್ನು ಮನೆ ಬಿಡಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಿಲ್ಲವೇ? ಪಂಪ್‌ಹೌಸಿನ ಮುಂದೆ ಕಾಂಕ್ರೀಟು ಹಾಸಿದ ಹಳೆಯ ಅಂಗಳ ಹತ್ತು ವರ್ಷದಿಂದ ಖಾಲಿ ಬಿದ್ದಿದೆ. ನಾನು ಹೆಜ್ಜೆ ಹಾಕಿ ಅಳೆದಿದ್ದೇನೆ. ನಲವತ್ತು ಕಾರು ಆರಾಮವಾಗಿ ನಿಲ್ಲುತ್ತವೆ. ಅಲ್ಲಿಂದ ನಿಮ್ಮ ಕೇಂದ್ರದ ಬಾಗಿಲಿಗೆ ನೂರ ಎಪ್ಪತ್ತು ಹೆಜ್ಜೆ. ಪ್ರಕೃತಿಯನ್ನು ನೋಡಲು ಬರುವವರು ನೂರ ಎಪ್ಪತ್ತು ಹೆಜ್ಜೆ ನಡೆಯಲಾರರು ಎಂದು ನಿಮಗೆ ಯಾರು ಹೇಳಿದರು?

ಈ ಪತ್ರ ಬರೆಯುತ್ತೇನೆಂದು ಅಮ್ಮನಿಗೆ ಹೇಳಿದ್ದು ಮೊನ್ನೆ, ಕಾಡಿನಿಂದ ಬಂದ ಮೇಲೆ. ಕುಂಡಗಳಲ್ಲಿರುವುದು ಏನೆಂದು ಹೇಳಲು ಬಾಯಿ ತೆರೆದೆ.

"ನೆಲತಾಳೆ," ಎಂದಳು ಅವಳು, ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ. "ಇಪ್ಪತ್ತೆರಡು ವರ್ಷ ಮಣ್ಣು ಮುಟ್ಟಿದೀನಿ. ನನಗೆ ಎಲೆ ಗೊತ್ತಾಗಲ್ಲ ಅಂದ್ಕೊಂಡಿದ್ಯಾ?"

"ಮತ್ಯಾಕಮ್ಮ ಸುಮ್ನಿದ್ದೆ?"

"ನೀನ್ಯಾಕೆ ಸುಮ್ನಿದ್ದೆ? ಅದಕ್ಕೇ."

ಆಮೇಲೆ ಅವಳಿಗೆ ಸಿಟ್ಟು ಬಂತು. "ನೀನು ಬರೆದು ಹೊರಟುಬಿಡ್ತೀಯ. ನಿನಗೆ ಕಾಲಲ್ಲಿ ಚಕ್ರ. ಬೆಳಗಾದ್ರೆ ಅದೇ ಗೇಟು, ಅದೇ ಮೇಸ್ತ್ರಿ, ಅದೇ ಜನ. ಮುಖ ತೋರಿಸ್ಬೇಕಾದೋಳು ನಾನು. ನಿಜ ಹೇಳೋರ ಮನೇಲಿ ಇನ್ನೊಬ್ರೂ ಇರ್ತಾರೆ ಅನ್ನೋದು ನಿನಗೆ ಯಾವತ್ತಾದ್ರೂ ಹೊಳೆದಿದ್ಯಾ?"

ಅವಳ ಮಾತು ನ್ಯಾಯವಾದದ್ದು, ಅದನ್ನು ಇಲ್ಲಿ ಬಿಟ್ಟು ಬರೆದರೆ ಈ ಪತ್ರವೂ ಒಂದು ವರದಿಯಾದೀತು. ಬರೆದ ಹಾಳೆಗಳನ್ನು ಮೇಜಿನ ಮೇಲೆ ಇಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಅವಳು ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದಳು. ಹರಿದು ಹಾಕುತ್ತಾಳೆ ಎಂದುಕೊಂಡೆ.

"ಇಲ್ಲಿ ತಪ್ಪು ಬರೆದಿದೀಯ," ಎಂದಳು.

"ಎಲ್ಲಿ?"

"ದಿನಕ್ಕೆ ಎರಡು ಸಲ ನೀರು ಅಂತ ಇದೆ. ಎರಡಲ್ಲ, ಮೂರು. ಮಧ್ಯಾಹ್ನದ್ದು ನೀವೆಲ್ಲ ಊಟಕ್ಕೆ ಹೋದಾಗ ನಾನು ಹಾಕ್ತಿದ್ದೆ. ಹೊಣೆ ನನ್ನ ಮೇಲೆ ಅಂತ ಕಾಗದದಲ್ಲಿ ಬಂದಿತ್ತಲ್ಲ, ಭಯ. ಕೊಳೆಯುತ್ತೆ ಅಂತ ಗೊತ್ತಿದ್ದೂ ಹಾಕಿದೆ." ಕನ್ನಡಕ ತೆಗೆದು ಮಡಚಿದಳು. "ಅದನ್ನೂ ಬರಿ."

ಬರೆದಿದ್ದೇನೆ. ಮಾನ್ಯರೇ, ಗಿಡ ಗೊತ್ತಿದ್ದವಳೊಬ್ಬಳು ಇಡೀ ನರ್ಸರಿಯಲ್ಲಿ ಇದ್ದಳು. ನಿಮ್ಮ ಒಂದು ಸಾಲಿನ ಬೆದರಿಕೆ ಅವಳ ಕೈಯಿಂದಲೇ ಅವುಗಳನ್ನು ಕೊಲ್ಲಿಸಿತು. ಇದಕ್ಕೆ ಶಿಕ್ಷೆ ಎಂದು ನೀವು ಅವಳ ಆದೇಶ ರದ್ದು ಮಾಡಬಹುದು, ಕೋಣೆಯ ಬೀಗ ಕೇಳಬಹುದು. ಹಾಗೆ ಮಾಡುವ ದಿನ ದಯವಿಟ್ಟು ಆ ಸುತ್ತೋಲೆಯ ಕೆಳಗಿನ ಸಹಿಯನ್ನೂ ಒಮ್ಮೆ ಓದಿಕೊಳ್ಳಿ. ಅವಳು ತನ್ನ ಪಾಲಿನದನ್ನು ತಾನೇ ಬರೆಸಿದ್ದಾಳೆ. ನಾನು ನನ್ನದನ್ನು ಬರೆದಿದ್ದೇನೆ. ನಿಮ್ಮ ಪಾಲಿನದು ಮಾತ್ರ ಖಾಲಿ ಇದೆ, ಅದನ್ನು ನಾನು ಹಸಿರು ಮಾಡಿಕೊಡಲಾರೆ.

ನಾನು ಕೇಳುತ್ತಿರುವುದು ಬೇಡಿಕೆ, ವಿನಂತಿ ಅಲ್ಲ. ಹದಿನೆಂಟನೇ ತಾರೀಕಿಗೆ ಮುಂಚೆ ಆ ಕುಂಡಗಳನ್ನೆಲ್ಲ ನೆರಳುಮನೆಯ ಹೊರಗಿನ ಅಂಗಳಕ್ಕೆ ತನ್ನಿ. ಪತ್ರಿಕೆಯವರನ್ನು ಕರೆಯಿರಿ, ಆ ಶಾಲೆಯ ಮಕ್ಕಳನ್ನೂ ಕರೆಯಿರಿ, ಕನ್ನಡಕದ ಹುಡುಗಿಯನ್ನು ಮುಂದೆ ನಿಲ್ಲಿಸಿ. ಒಂದೊಂದಾಗಿ ಕುಂಡವನ್ನು ಬೋರಲು ಹಾಕಿ. ಬೆರಳಿನಂತೆ ನೇರವಾಗಿ ಇಳಿದ ಒಂದೇ ಕಪ್ಪು ಬೇರು ಕಂಡರೆ ಅದು ನೆಲತಾಳೆ. ಒಂದಕ್ಕೊಂದು ಅಂಟಿಕೊಂಡ ಗೆಡ್ಡೆಗಳ ಸಾಲು ಕಂಡರೆ ಅದು ನೆಲಸೀತಾಳೆ. ಇದಕ್ಕೆ ತಜ್ಞರು ಬೇಡ, ಸೂಕ್ಷ್ಮದರ್ಶಕ ಬೇಡ, ನನ್ನ ಸಾಕ್ಷಿಯೂ ಬೇಡ. ಹದಿನೆಂಟಕ್ಕಿಂತ ಹೆಚ್ಚು ಗೆಡ್ಡೆಗಳ ಸಾಲು ಸಿಕ್ಕಿದರೆ ನನ್ನನ್ನು ಸುಳ್ಳುಗಾತಿ ಎಂದು ಅದೇ ಪತ್ರಿಕೆಯಲ್ಲಿ ಬರೆಸಿ. ಸಿಗದಿದ್ದರೆ ಪ್ರಕಟಣೆಯನ್ನು ಫಲಕದಿಂದ ಕಿತ್ತು ಹಾಕಿ, ಗೋಡೆಯ ಪ್ರಮಾಣಪತ್ರವನ್ನು ಕೊಟ್ಟವರಿಗೆ ಹಿಂದಿರುಗಿಸಿ, ಉಳಿದರ್ಧ ಕಾಡನ್ನು ಅದರ ಪಾಡಿಗೆ ಬಿಡಿ. ಕಾಯುವುದೂ ಬೇಡ, ಬೇಲಿಯೂ ಬೇಡ, ನೀರಂತೂ ಬೇಡವೇ ಬೇಡ. ಬದುಕಿರುವ ಆ ಹದಿನೆಂಟನ್ನು ಅಮ್ಮನ ಕೈಗೆ ಕೊಡಿ. ಎಲ್ಲಿ ನೆಡಬೇಕು ಎಂದು ಅವಳಿಗೆ ಗೊತ್ತಿದೆ, ಈ ಸಲ ಅವಳ ಮಾತಿಗೊಂದು ನಂಬರ್ ಹಾಕಿ.

ಇಂತಿ ತಮ್ಮ ವಿಧೇಯಳು ಎಂದು ಬರೆಯಬೇಕಂತೆ. ವಿಧೇಯತೆಯಿಂದಲೇ ಮುನ್ನೂರು ಗಿಡ ಕೊಳೆಸಿದ ಮೇಲೆ ಆ ಪದ ಬರೆಯಲು ಕೈ ಬರುತ್ತಿಲ್ಲ. ಆದ್ದರಿಂದ,

ಇಂತಿ,
ನಿಮ್ಮ ತೊಂಬತ್ತನಾಲ್ಕು ಪ್ರತಿಶತವನ್ನು ನೆಟ್ಟವಳು,
ಹಾಜರಿ ಪುಸ್ತಕದ ಪ್ರಕಾರ ಕಡ್ಡಿ

ದಿನಗೂಲಿಗೆ ರಾಜೀನಾಮೆ ಎಂಬುದು ಇರುವುದಿಲ್ಲ, ಹಾಗಾಗಿ ಬೇರೆ ಕಾಗದ ಕೊಡುತ್ತಿಲ್ಲ. ದೂರದ ಊರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.